ಮುಂದಿನ ಫೋರ್ಕ್ ಹೊಳೆಯಬೇಕಾ? ಕ್ರೋಮಿಗೆ ಕೊಡುವ ಮೊದಲು ಉಪ್ಪುಕಾಗದ ಹಿಡಿಯಿರಿ

ಹಳೇ ಯಮಹಾ ಆರ್‌ಎಕ್ಸ್ 100 ಬೈಕ್ ಕೊಂಡ ಎಷ್ಟೋ ಜನ ಒಂದೇ ತಪ್ಪು ಮಾಡುವುದನ್ನು ನೋಡಿದ್ದೇನೆ. ಫೋರ್ಕ್, ಅಂದರೆ ಮುಂದಿನ ಚಕ್ರ ಹಿಡಿಯುವ ಎರಡು ಕಾಲು, ಮಂಕಾಗಿದೆ ಅಂತ ಬಿಚ್ಚಿಸಿ ಸೀದಾ ಕ್ರೋಮ್ ಅಂಗಡಿಗೆ ಕೊಟ್ಟುಬಿಡುತ್ತಾರೆ. ಪರಿಚಯದವರೊಬ್ಬರ ಫೋರ್ಕ್ ಜೋಡಿ ಹಾಗೇ ಹೋಗಿ ಕನ್ನಡಿಯಂತೆ ಬಂತು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಆಕ್ಸಲ್ ಹತ್ತಿರ ಗುಳ್ಳೆ ಎದ್ದಿತ್ತು. ಉಗುರಿನಲ್ಲಿ ಕೆರೆದರೆ ಸಿಪ್ಪೆಯ ಹಾಗೆ ಸುಲಿದು ಬಂತು. ಈ ಗಾಡಿಯ ತಯಾರಿ 1996ರಲ್ಲೇ ನಿಂತಿದೆ. ಒರಿಜಿನಲ್ ಭಾಗ ಹಾಳಾದರೆ ಅಂಥದ್ದೇ ಇನ್ನೊಂದು ಹುಡುಕುವುದು ಸುಲಭವಲ್ಲ.

ಫೋರ್ಕಿನ ಪ್ರತಿ ಕಾಲಿನಲ್ಲೂ ಎರಡು ಭಾಗ. ಮೇಲಿನ ಪೈಪ್ ಉಕ್ಕಿನದು, ಅದಕ್ಕೆ ಹಾರ್ಡ್ ಕ್ರೋಮ್, ಅಂದರೆ ಸವೆತ ತಡೆಯುವ ದಪ್ಪ ಕ್ರೋಮ್ ಪದರ ಇರುತ್ತದೆ. ಮೆಕ್ಯಾನಿಕ್‌ಗಳು ಬಾಟಮ್ ಅನ್ನುವ ಕೆಳಗಿನ ಭಾಗ ಅಲ್ಯೂಮಿನಿಯಂ. ಅಯಸ್ಕಾಂತ ಹಿಡಿದು ನೋಡಿ, ಅಂಟುವುದಿಲ್ಲ. ಅಲ್ಯೂಮಿನಿಯಂಗೆ ಗಾಳಿ ತಗುಲಿದ ಕೂಡಲೇ ಆಕ್ಸೈಡ್ ಪದರ ಕಟ್ಟುತ್ತದೆ, ಅದರ ಮೇಲೆ ಕ್ರೋಮ್ ನೇರವಾಗಿ ಹಿಡಿಯುವುದಿಲ್ಲ. ಮೊದಲು ಜಿಂಕೇಟ್ (ಆಕ್ಸೈಡ್ ಕಳೆದು ತೆಳು ಸತುವಿನ ಪದರ ಕೂರಿಸುವ ದ್ರಾವಣ), ಆಮೇಲೆ ತಾಮ್ರ, ನಿಕಲ್, ಕೊನೆಗೆ ಕ್ರೋಮ್. ಮೊದಲ ಹಂತದಲ್ಲಿ ಅವಸರ ಮಾಡಿದರೆ ಮೇಲಿನದೆಲ್ಲ ಎದ್ದು ಬರುತ್ತದೆ.

ಇನ್ನೊಂದು ಮಾತು. ಕ್ರೋಮ್ ಗೀರು ಮುಚ್ಚುವುದಿಲ್ಲ, ಎತ್ತಿ ತೋರಿಸುತ್ತದೆ. ಹೊಳೆಯುವ ಆ ಮೇಲ್ಪದರ ಒಂದು ಮೈಕ್ರಾನ್‌ನಷ್ಟೂ ದಪ್ಪ ಇರುವುದಿಲ್ಲ. ಅಂಗಡಿಯವರೂ ಮೊದಲು ಉಜ್ಜಲೇಬೇಕು. ಹೇಗೂ ಉಜ್ಜುವುದೇ ಕೆಲಸ ಅಂದಮೇಲೆ ಅದನ್ನು ಮನೆಯಲ್ಲೇ ನಿಧಾನವಾಗಿ ಮಾಡಿ.

ಬಿಚ್ಚುವುದು: ಫೋರ್ಕ್ ಗಾಡಿಯಲ್ಲಿರುವಾಗಲೇ ಮೇಲಿನ ಮುಚ್ಚಳ ಸಡಿಲಿಸಿಕೊಳ್ಳಿ. ಉಳಿದದ್ದನ್ನು ನಿಮ್ಮ ಮೆಕ್ಯಾನಿಕ್ ಹತ್ತಿರ ಮಾಡಿಸಿ. ಆಯಿಲ್ ಸೀಲ್ (ಒಳಗಿನ ಆಯಿಲ್ ಸೋರದಂತೆ ತಡೆಯುವ ರಬ್ಬರ್ ಉಂಗುರ) ತೆಗೆಸಿ, ಬಾಟಮ್ ಬಾಯಿಗೆ ಬಟ್ಟೆ ತುರುಕಿ ಟೇಪ್ ಸುತ್ತಿ.

ಲ್ಯಾಕರ್ ತೆಗೆಯುವುದು: ಹಳದಿಯಾಗಿ ಕಾಣುವುದು ಬಹಳಷ್ಟು ಸಲ ಲೋಹವಲ್ಲ, ಮೇಲಿನ ಲ್ಯಾಕರ್, ಅಂದರೆ ಪಾರದರ್ಶಕ ಬಣ್ಣದ ಪದರ. ಪೇಂಟ್ ರಿಮೂವರ್ ಹಚ್ಚಿ, ಉಬ್ಬಿದ ಮೇಲೆ ಒರೆಸಿ. ಗ್ಲೌಸ್ ಬೇಕು, ಬಯಲಲ್ಲೇ ಮಾಡಬೇಕು. ಕಾಸ್ಟಿಕ್ ಸೋಡಾ, ಟಾಯ್ಲೆಟ್ ಆಸಿಡ್ ಹತ್ತಿರವೂ ತರಬೇಡಿ. ಎರಡೂ ಅಲ್ಯೂಮಿನಿಯಂ ತಿನ್ನುತ್ತವೆ.

ಉಜ್ಜುವುದು: ಎಲ್ಲರೂ ಕೆಡಿಸುವುದು ಇಲ್ಲೇ. 320ರ ವಾಟರ್ ಪೇಪರ್‌ನಿಂದ (ನೀರಲ್ಲಿ ಅದ್ದಿ ಉಜ್ಜುವ ಉಪ್ಪುಕಾಗದ; ನಂಬರ್ ಹೆಚ್ಚಾದಷ್ಟೂ ನಯ) ಶುರು ಮಾಡಿ. ಕಲ್ಲು ಬಡಿದ ಗುಂಡಿಗಳು ಆಳವಾಗಿದ್ದರೆ ಮಾತ್ರ 220. ಬಕೆಟ್ ನೀರಿಗೆ ನಾಲ್ಕು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ. ಪೇಪರನ್ನು ಉದ್ದ ಪಟ್ಟಿಯಾಗಿ ಕತ್ತರಿಸಿ, ಬಾಟಮ್ ಸುತ್ತ ಹಾಕಿ, ಬೆನ್ನು ಉಜ್ಜಿಕೊಳ್ಳುವಾಗ ಟವೆಲ್ ಎಳೆಯುವ ಹಾಗೆ ಎಳೆಯಿರಿ. ಗೀರೆಲ್ಲ ಅಡ್ಡ ಬೀಳುತ್ತವೆ.

ಮುಂದಿನದು 400. ಈಗ ಉದ್ದಕ್ಕೆ ಉಜ್ಜಬೇಕು. 320ರ ಅಡ್ಡ ಗೀರು ಒಂದೂ ಕಾಣದ ಹಾಗೆ ಹೋಗುವವರೆಗೆ ನಿಲ್ಲಿಸಬೇಡಿ. 600 ಮತ್ತೆ ಅಡ್ಡಕ್ಕೆ, 800 ಉದ್ದಕ್ಕೆ, ಹೀಗೇ 1000, 1500, 2000. ದಿಕ್ಕು ಬದಲಿಸಿದರೆ ಹಿಂದಿನ ಗೀರು ಉಳಿದಿದೆಯೋ ಇಲ್ಲವೋ ಕಣ್ಣಿಗೆ ಕಾಣುತ್ತದೆ. ನೆರಳಲ್ಲಿ ಒದ್ದೆ ಲೋಹ ನೋಡಿ ಮೋಸ ಹೋಗಬೇಡಿ. ಒರೆಸಿ, ಒಣಗಿಸಿ, ಬಿಸಿಲಿಗೆ ಓರೆಯಾಗಿ ಹಿಡಿದು ನೋಡಿ. ಪ್ರತಿ ನಂಬರಿಗೂ ನೀರು ಬದಲಿಸಿ. 320ರ ಒಂದು ಕಣ ಉಳಿದರೂ 1500ರ ಹೊತ್ತಿಗೆ ಉದ್ದ ಗೆರೆ ಎಳೆಯುತ್ತದೆ, ಮತ್ತೆ ಹಿಂದಕ್ಕೆ ಹೋಗಬೇಕು.

400ರಿಂದ ಸೀದಾ 1000ಕ್ಕೆ ಹಾರಬೇಡಿ. ಹಾಗೆ ಮಾಡಿದ್ದು ದೂರದಿಂದ ಹೊಳೆಯುತ್ತದೆ, ಹತ್ತಿರ ಹೋದರೆ ಮಂಜು ಕವಿದ ಹಾಗೆ ಕಾಣುತ್ತದೆ. ಡ್ರಿಲ್‌ಗೆ ತಂತಿ ಬ್ರಷ್ ಸಿಕ್ಕಿಸುವುದೂ ಬೇಡ. ಸ್ಟೀಲ್ ವೂಲ್ ಬೇಡವೇ ಬೇಡ, ಅದರ ಚೂರು ಒಳಗೆ ಕೂತು ಆಮೇಲೆ ತುಕ್ಕಿನ ಚುಕ್ಕೆ ಕಾಣಿಸುತ್ತದೆ. ಮಡ್‌ಗಾರ್ಡ್ ಕೂರುವ ಮೂಲೆಗಳಿಗೆ ಐಸ್‌ಕ್ರೀಮ್ ಕಡ್ಡಿಗೆ ಪೇಪರ್ ಸುತ್ತಿಕೊಳ್ಳಿ. ಸೀಲ್ ಕೂರುವ ಒಳಬಾಯಿಗೆ ಪೇಪರ್ ತಾಗಲೇಬಾರದು. ಎರಡು ಬಾಟಮ್‌ಗೆ ಎರಡು ಭಾನುವಾರ ಇಟ್ಟುಕೊಳ್ಳಿ.

ಪಾಲಿಶ್: ಆಟೋಸಾಲ್ ಅಥವಾ ಬ್ರಾಸೋ, ಹಳೇ ಕಾಟನ್ ಬನಿಯನ್ ಸಾಕು. ಬಟ್ಟೆ ಕಪ್ಪಗಾಗುತ್ತದೆ, ಹೆದರಬೇಡಿ, ಅದು ಅಲ್ಯೂಮಿನಿಯಂ. ಬಫಿಂಗ್ ಚಕ್ರ ಇದ್ದರೆ ಕಬ್ಬಿಣಕ್ಕೆ ಬಳಸಿದ್ದನ್ನು ಇದಕ್ಕೆ ಬಳಸಬೇಡಿ, ಮಾಸ್ಕ್ ಹಾಕಿಕೊಳ್ಳಿ. ಮೇಲೆ ಮತ್ತೆ ಲ್ಯಾಕರ್ ಹೊಡೆಸುವುದು ನನಗಿಷ್ಟವಿಲ್ಲ. ಒಂದು ಕಲ್ಲು ಬಡಿದರೆ ಅಲ್ಲಿಂದ ನೀರು ನುಗ್ಗಿ ಒಳಗೊಳಗೇ ಬಿಳಿಚಿಕೊಳ್ಳುತ್ತದೆ. ಕಾರಿನ ವ್ಯಾಕ್ಸ್ ಹಚ್ಚಿ. ಮಂಗಳೂರು, ಉಡುಪಿ ಕಡೆಯವರಿಗೆ ಉಪ್ಪುಗಾಳಿ ಜಾಸ್ತಿ ಅಲ್ವಾ, ತಿಂಗಳಿಗೊಮ್ಮೆ ಬೇಕೇ ಬೇಕು.

ಹಾಗಾದರೆ ಕ್ರೋಮ್ ಯಾವಾಗ? ಮೇಲಿನ ಉಕ್ಕಿನ ಪೈಪಿಗೆ. ಸೀಲ್ ಓಡಾಡುವ ಜಾಗದಲ್ಲಿ ತುಕ್ಕು ಗುಂಡಿ ಬಿದ್ದಿದ್ದರೆ ಪಾಲಿಶ್ ಮಾಡಿ ಪ್ರಯೋಜನವಿಲ್ಲ. ಗುಂಡಿಯ ಅಂಚು ಹೊಸ ಸೀಲನ್ನೂ ಕುಯ್ಯುತ್ತದೆ, ಆಯಿಲ್ ಸೋರುತ್ತದೆ. ಪೈಪನ್ನು ಹಾರ್ಡ್ ಕ್ರೋಮ್ ಮಾಡಿ ಅಳತೆಗೆ ಗ್ರೈಂಡ್ ಮಾಡುವ ಕಡೆಯೇ ಕೊಡಬೇಕು. ಬೆಂಗಳೂರಿನವರು ಪೀಣ್ಯದ ಕಡೆ ವಿಚಾರಿಸಿ. ಬಂಪರ್‌ಗೆ ಹೊಳಪು ಕೊಡುವ ಅಂಗಡಿಯ ತೆಳು ಕ್ರೋಮ್ ಇದಕ್ಕಾಗದು. ಪೈಪ್ ಬಗ್ಗಿದ್ದರೆ ಯಾವ ಕ್ರೋಮೂ ಬೇಡ, ಬದಲಿಸಿ.

ಜೋಡಿಸುವುದು: ಹೊಸ ಸೀಲ್, ಎರಡೂ ಕಾಲಿಗೆ ಮ್ಯಾನ್ಯುಯಲ್‌ನಲ್ಲಿರುವಷ್ಟೇ ಹೊಸ ಆಯಿಲ್. ಆಕ್ಸಲ್ ಬಿಗಿ ಮಾಡಿ, ಆಕ್ಸಲ್ ಹಿಡಿಯುವ ಕೆಳಗಿನ ಕ್ಲ್ಯಾಂಪ್ ಬಿಗಿ ಮಾಡುವ ಮುಂಚೆ ಮುಂದಿನ ಬ್ರೇಕ್ ಹಿಡಿದು ಹ್ಯಾಂಡಲ್ ನಾಲ್ಕೈದು ಸಲ ಒತ್ತಿ. ಎರಡೂ ಕಾಲು ತಾವಾಗೇ ನೇರಕ್ಕೆ ಕೂರುತ್ತವೆ.