ಮುಂದೂಡುವವರನ್ನು ನಾನು ಕೇಳುವ ಪ್ರಶ್ನೆ

ಆಪ್ತಸಮಾಲೋಚನೆ ನನ್ನ ವೃತ್ತಿ. ಬರುವವರಲ್ಲಿ ಬಹಳ ಮಂದಿಯ ದೂರು ಒಂದೇ: "ಮಾಡಬೇಕು ಅಂತ ಗೊತ್ತು, ಮನಸ್ಸೇ ಬರಲ್ಲ." ವೇಳಾಪಟ್ಟಿ ಹಾಕಿ, ಫೋನ್ ದೂರ ಇಟ್ಟು, ಹುರಿದುಂಬಿಸುವ ವಿಡಿಯೊಗಳನ್ನೆಲ್ಲ ನೋಡಿ ಆಮೇಲೆ ಬಂದಿರುತ್ತಾರೆ. ಹಾಗಾಗಿ ನಾನು ಇನ್ನೊಂದು ವೇಳಾಪಟ್ಟಿ ಕೊಡುವುದಿಲ್ಲ. "ಯಾಕೆ ಮಾಡಲಿಲ್ಲ?" ಎಂದೂ ಕೇಳುವುದಿಲ್ಲ. ಹಾಗೆ ಕೇಳಿದರೆ ಸಿಗುವುದು ನೆಪ ಮಾತ್ರ. "ಆ ಕೆಲಸ ನೆನಪಾದ ಕೂಡಲೇ ಒಳಗೆ ಏನಾಗುತ್ತೆ?" ಎನ್ನುತ್ತೇನೆ.

"ಟೆನ್ಷನ್" ಅನ್ನುತ್ತಾರೆ. ಅಷ್ಟಕ್ಕೇ ಬಿಡುವುದಿಲ್ಲ. ಟೆನ್ಷನ್ ಒಂದು ಕಟ್ಟಿದ ಗಂಟು, ಬಿಚ್ಚಿದರೆ ಒಬ್ಬೊಬ್ಬರದರಲ್ಲಿ ಒಂದೊಂದು ಇರುತ್ತದೆ. ಒಬ್ಬರಿಗೆ ತಪ್ಪಾದೀತು ಎಂಬ ಭಯ. ಇನ್ನೊಬ್ಬರಿಗೆ ಬರೀ ಬೇಜಾರು. ಮತ್ತೊಬ್ಬರಿಗೆ ಕೆಲಸ ಹೊರಿಸಿದವರ ಮೇಲೆ ಸಿಟ್ಟು. ನೋಡುವವರಿಗೆ ಮೂರೂ ಸೋಮಾರಿತನವೇ, ಅಲ್ವಾ?

ಸರಿಯಾದ ಹೆಸರು ಸಿಕ್ಕಾಗಲೇ ಎಷ್ಟೋ ಜನರ ಮುಖ ಸಡಿಲವಾಗುತ್ತದೆ. 2007ರಲ್ಲಿ ಮನಶ್ಶಾಸ್ತ್ರಜ್ಞ ಮ್ಯಾಥ್ಯೂ ಲೀಬರ್‌ಮನ್ ತಂಡ ಇದಕ್ಕೆ ಹತ್ತಿರದ್ದನ್ನು ಮೆದುಳಿನ ಸ್ಕ್ಯಾನ್‌ನಲ್ಲಿ ಕಂಡಿತ್ತು. ಭಯ, ಸಿಟ್ಟು ತುಂಬಿದ ಮುಖಗಳನ್ನು ತೋರಿಸಿ, ಆ ಭಾವನೆಗೆ ಪದ ಆರಿಸಲು ಹೇಳಿದಾಗ ಭಯದಂಥ ಭಾವನೆಗಳಿಗೆ ಮಿಡಿಯುವ ಮೆದುಳಿನ ಭಾಗವಾದ ಅಮಿಗ್ಡಾಲದ ಚಟುವಟಿಕೆ ತಗ್ಗಿತು. ಅವು ಬೇರೆಯವರ ಮುಖಗಳು, ನಿಜ. ಆದರೂ ನಾನು ಎದುರಿಗೆ ಕಾಣುವುದಕ್ಕೆ ಅದು ಹೊಂದುತ್ತದೆ.

ಭಯವಾದರೆ ನನಗೂ ಅದರ ಪರಿಚಯ ಚೆನ್ನಾಗಿದೆ. ವರದಿ ಬರೆಯುವಾಗ, ಓದುವವರು ಏನಂದುಕೊಳ್ಳುತ್ತಾರೋ ಎಂದು ಕೈ ನಿಲ್ಲುತ್ತದೆ. ಆಗ ಪೀಟರ್ ಗಾಲ್ವಿಟ್ಸರ್ ಎಂಬ ಮನಶ್ಶಾಸ್ತ್ರಜ್ಞರ 'ಹೀಗಾದಾಗ ಹೀಗೆ' ಎಂಬ ರೀತಿಯ ಯೋಜನೆ ಹಾಕಿಕೊಳ್ಳುತ್ತೇನೆ: "ಊಟ ಮುಗಿಸಿ ಕುರ್ಚಿಗೆ ಬಂದಾಗ, ಫೈಲ್ ತೆರೆದು ಒಂದು ಸಾಲು ಕೆಟ್ಟದಾಗಿ ಬರೆಯುತ್ತೇನೆ." 'ಕೆಟ್ಟದಾಗಿ' ಎಂಬುದನ್ನು ಬೇಕೆಂದೇ ಸೇರಿಸಿಕೊಂಡಿದ್ದೇನೆ. ಚೆನ್ನಾಗಿ ಬರೆಯಬೇಕೆಂಬ ಹಟವೇ ತಾನೇ ಭಯ ಹುಟ್ಟಿಸುವುದು! ಮನಸ್ಸು ಬರಲಿ ಎಂದು ಕಾಯುವುದಿಲ್ಲ. ಸಾಮಾನ್ಯವಾಗಿ ಅದು ಬರೆಯಲು ಶುರು ಮಾಡಿದ ಮೇಲೆಯೇ ಬರುತ್ತದೆ.

ಸಿಟ್ಟಿಗೆ ಈ ಉಪಾಯ ನಡೆಯದು. ಅಲ್ಲಿ ಏನಾದರೂ ಆಯ್ಕೆ ಕೈಗೆ ಸಿಗಬೇಕು. ಕೆಲಸ ಬಿಡಲಾಗದಿದ್ದರೆ ಅದರ ಕ್ರಮ, ಹೊತ್ತು, ವಿಧಾನವನ್ನಾದರೂ ತಾವೇ ತೀರ್ಮಾನಿಸಲಿ. ಮನಶ್ಶಾಸ್ತ್ರಜ್ಞರಾದ ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಮನುಷ್ಯನಿಗೆ ಬೇಕೇ ಬೇಕೆಂದ ಮೂರರಲ್ಲಿ ಇದೂ ಒಂದು. ಉಳಿದೆರಡು, ಕೈಲಾಗುತ್ತದೆ ಎಂಬ ಭಾವ ಮತ್ತು ನಮ್ಮವರು ಎನ್ನುವ ನಂಟು.

ಬಹುಮಾನದ ಬಗ್ಗೆ ಪೋಷಕರು ಜಾಸ್ತಿ ಕೇಳುತ್ತಾರೆ. 1973ರಲ್ಲಿ ಮನಶ್ಶಾಸ್ತ್ರಜ್ಞ ಮಾರ್ಕ್ ಲೆಪರ್ ಮತ್ತು ಸಂಗಡಿಗರು, ಚಿತ್ರ ಬಿಡಿಸುವುದೆಂದರೆ ಇಷ್ಟಪಡುವ ಪುಟ್ಟ ಮಕ್ಕಳಲ್ಲಿ ಕೆಲವರಿಗೆ ಪ್ರಮಾಣಪತ್ರ ಕೊಡುತ್ತೇವೆಂದು ಮೊದಲೇ ಹೇಳಿ ಬಿಡಿಸಲು ಕೂರಿಸಿದರು. ಆಮೇಲೆ, ಬಹುಮಾನದ ಮಾತೇ ಇಲ್ಲದಾಗ, ಅದೇ ಮಕ್ಕಳು ಉಳಿದವರಿಗಿಂತ ಕಡಿಮೆ ಹೊತ್ತು ಬಿಡಿಸಿದರು. ಇಷ್ಟದ ಕೆಲಸಕ್ಕೆ ಸುಮ್ನೆ ಆಮಿಷ ಒಡ್ಡಬೇಡಿ ಎನ್ನುತ್ತೇನೆ. ಬೇಜಾರಿನ ಕೆಲಸಕ್ಕೆ ಕೊಟ್ಟರೆ ತೊಂದರೆಯಿಲ್ಲ, ಕೆಡಲು ಅಲ್ಲಿ ಆಸಕ್ತಿಯೇ ಇರುವುದಿಲ್ಲವಲ್ಲ.

ಕೆಲವರಿಗೆ ಇದ್ಯಾವುದನ್ನೂ ಹೇಳುವುದಿಲ್ಲ. ಇಷ್ಟವಿದ್ದದ್ದರಲ್ಲೂ ಆಸಕ್ತಿ ಹೋಗಿ, ನಿದ್ದೆ ಹಸಿವು ಕೆಟ್ಟು ಎರಡು ವಾರ ದಾಟಿದ್ದರೆ ಅದು ಮುಂದೂಡುವ ವಿಷಯವಲ್ಲ, ಖಿನ್ನತೆ ಇರಬಹುದು. ಅವರನ್ನು ಮೊದಲು ಮನೋವೈದ್ಯರ ಹತ್ತಿರ ಕಳಿಸುತ್ತೇನೆ.