ಚೆನ್ನಾಗಿ ಓದುವ ಮಗು ಎಲ್ಲೆಲ್ಲಿ ಅರ್ಜಿ ಹಾಕಬೇಕು?

ಪಿಯುಸಿ ವಿಜ್ಞಾನದಲ್ಲಿ ತರಗತಿಗೇ ಮೊದಲಿಗರಾದ ಮಕ್ಕಳ ಮನೆಯಲ್ಲಿ ಸಾಮಾನ್ಯವಾಗಿ ಕೇಳಿಬರುವುದು ಎರಡೇ ಹೆಸರು: ಆದರೆ ಐಐಟಿ, ಇಲ್ಲದಿದ್ದರೆ ಬೆಂಗಳೂರಿನ ಆರ್‌ವಿ ಎಂಜಿನಿಯರಿಂಗ್ ಕಾಲೇಜು. ಇವೆರಡರ ನಡುವೆ, ಇವೆರಡರ ಆಚೆ ಇನ್ನೂ ಎಷ್ಟು ಒಳ್ಳೆಯ ಜಾಗಗಳಿದ್ದವು ಎಂಬುದು ಫಲಿತಾಂಶ ಬಂದ ಮೇಲೆ ಗೊತ್ತಾಗುತ್ತದೆ. ಅಷ್ಟರಲ್ಲಿ ಅರ್ಜಿಯ ಕೊನೆಯ ದಿನ ದಾಟಿರುತ್ತದೆ. ಹಾಗಾಗಿ ಈ ಕೆಲಸವನ್ನು ದ್ವಿತೀಯ ಪಿಯುಸಿಯ ದಸರಾ ರಜೆಗೇ ಶುರು ಮಾಡಿ. ಮಗುವಿನ ಜತೆ ಕೂತು ಮಾಡಿ, ಮಗುವಿನ ಪರವಾಗಿ ಮಾಡಬೇಡಿ.

1. ಮೊದಲು ಪರೀಕ್ಷೆಗಳ ಪಟ್ಟಿ, ಆಮೇಲೆ ಕಾಲೇಜು

ನಮ್ಮಲ್ಲಿ ಅರ್ಜಿ ಹೋಗುವುದು ಹೆಚ್ಚಾಗಿ ಪರೀಕ್ಷೆಗೆ. ಎನ್‌ಐಟಿಗಳಿಗೆ ಬೇಕಾದ ಪ್ರವೇಶ ಪರೀಕ್ಷೆ ಜೆಇಇ ಮೇನ್ ಜನವರಿ ಮತ್ತು ಏಪ್ರಿಲ್‌ನಲ್ಲಿ ಎರಡು ಸಲ ನಡೆಯುತ್ತದೆ. ಅದರಲ್ಲಿ ಮೇಲಿನ ಸುಮಾರು ಎರಡೂವರೆ ಲಕ್ಷ ಮಂದಿಗೆ ಮಾತ್ರ ಐಐಟಿಗೆ ಬೇಕಾದ ಜೆಇಇ ಅಡ್ವಾನ್ಸ್ಡ್ ಬರೆಯುವ ಅವಕಾಶ. ಐಐಟಿ, ಎನ್‌ಐಟಿ ಸೀಟುಗಳೆಲ್ಲ ಜೋಸಾ ಎಂಬ ಜಂಟಿ ಸೀಟು ಹಂಚಿಕೆ ಕೌನ್ಸೆಲಿಂಗ್‌ನಲ್ಲಿ ಹಂಚಿಕೆಯಾಗುತ್ತವೆ. ಆದರೆ ಬೆಂಗಳೂರಿನ ಐಐಎಸ್‌ಸಿ (ಭಾರತೀಯ ವಿಜ್ಞಾನ ಸಂಸ್ಥೆ) ಜೋಸಾದಲ್ಲಿ ಇಲ್ಲ, ಅದಕ್ಕೆ ಬೇರೆಯೇ ಅರ್ಜಿ. 2022ರಲ್ಲಿ ಅಲ್ಲಿ ಶುರುವಾದ ಗಣಿತ ಮತ್ತು ಕಂಪ್ಯೂಟಿಂಗ್ ಬಿಟೆಕ್‌ಗೆ ನೋಡುವುದು ಅಡ್ವಾನ್ಸ್ಡ್ ರ‍್ಯಾಂಕನ್ನೇ. ಆದರೂ ಐಐಎಸ್‌ಸಿಗೆ ಪ್ರತ್ಯೇಕ ಅರ್ಜಿ ಹಾಕದವರಿಗೆ ಆ ರ‍್ಯಾಂಕ್ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಹೈದರಾಬಾದಿನ ಐಐಐಟಿ, ಬಿಟ್ಸ್ ಪಿಲಾನಿ ಕೂಡ ಜೋಸಾದ ಹೊರಗೆ.

ವಿಜ್ಞಾನವನ್ನೇ ಓದಬೇಕು, ಎಂಜಿನಿಯರಿಂಗ್ ಬೇಡ ಎನ್ನುವ ಮಗುವಿಗೆ ಪುಣೆ, ತಿರುಪತಿ, ತಿರುವನಂತಪುರ ಸೇರಿ ಐಸರ್ ಎಂಬ ಏಳು ವಿಜ್ಞಾನ ಸಂಸ್ಥೆಗಳಿವೆ. ಇವುಗಳ ಪ್ರವೇಶ ಪರೀಕ್ಷೆಯಾದ ಐಎಟಿಯಲ್ಲಿ ಜೀವಶಾಸ್ತ್ರದ ಪ್ರಶ್ನೆಗಳೂ ಇರುವುದರಿಂದ ಪಿಸಿಎಂಬಿ ಮಕ್ಕಳಿಗೆ ಇದು ಹೇಳಿ ಮಾಡಿಸಿದ ದಾರಿ. ಗಣಿತದ ಹುಚ್ಚಿರುವ ಮಗುವಿಗೆ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ ಇದೆ. ಅದರ ಬಿ.ಮ್ಯಾತ್ ಕೋರ್ಸ್ ನಡೆಯುವುದು ಬೆಂಗಳೂರಿನ ಮೈಸೂರು ರಸ್ತೆಯಲ್ಲಿ, ಆರ್‌ವಿ ಕಾಲೇಜಿನ ಆಸುಪಾಸಿನಲ್ಲೇ. ಆರ್‌ವಿ ನೋಡಿಕೊಂಡು ಬಂದ ಎಷ್ಟೋ ಪೋಷಕರಿಗೆ ಈ ಸಂಸ್ಥೆಯ ಹೆಸರೇ ಗೊತ್ತಿಲ್ಲದಿರುವುದು ನನಗೆ ಬೇಸರದ ಸಂಗತಿ. ಚೆನ್ನೈ ಮ್ಯಾಥಮೆಟಿಕಲ್ ಇನ್‌ಸ್ಟಿಟ್ಯೂಟ್ ಕೂಡ ಇದೇ ಸಾಲಿನದು. ಅಲ್ಲಿನ ಪರೀಕ್ಷೆಯಲ್ಲಿ ಸರಿಯುತ್ತರ ಗುರುತಿಸಿದರೆ ಸಾಲದು, ಹೇಗೆ ಬಂತೆಂದು ಬರೆದು ಸಾಧಿಸಬೇಕು.

ಕಾನೂನಿನತ್ತ ಒಲವಿದ್ದರೆ ಇನ್ನೂ ಬೇಗ ಏಳಬೇಕು. ಈಚಿನ ವರ್ಷಗಳಲ್ಲಿ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಪ್ರವೇಶಕ್ಕಿರುವ ಕ್ಲಾಟ್ ಪರೀಕ್ಷೆ ಡಿಸೆಂಬರಿನಲ್ಲೇ, ಪಿಯುಸಿ ಪರೀಕ್ಷೆಗಿಂತ ಮೊದಲೇ ಮುಗಿಯುತ್ತಿದೆ.

ಎಲ್ಲ ಪರೀಕ್ಷೆಗೂ ಅರ್ಜಿ ಹಾಕಿಬಿಡೋಣ ಎನ್ನಬೇಡಿ. ಎಂಜಿನಿಯರಿಂಗ್ ಆಸೆಯಿರುವ ಮಗುವಿಗೆ ಜೆಇಇ, ರಾಜ್ಯದ ಕೆಸಿಇಟಿ, ಖಾಸಗಿ ಕಾಲೇಜುಗಳ ಕಾಮೆಡ್‌ಕೆ, ಜತೆಗೆ ತನ್ನ ಒಲವಿನ ಇನ್ನೊಂದು ಪರೀಕ್ಷೆ ಸಾಕು. ಏಪ್ರಿಲ್, ಮೇ ತಿಂಗಳಲ್ಲಿ ವಾರಕ್ಕೊಂದು ಊರಿಗೆ ಹೋಗಿ ಪರೀಕ್ಷೆ ಬರೆಯುವ ಮಗು ಯಾವುದನ್ನೂ ನೆಟ್ಟಗೆ ಬರೆಯಲಾರದು.

2. ಬೋರ್ಡ್ ಪರೀಕ್ಷೆಯನ್ನು ಕೈಬಿಡಬೇಡಿ

ಕೆಸಿಇಟಿ ಎಂಜಿನಿಯರಿಂಗ್ ರ‍್ಯಾಂಕಿನಲ್ಲಿ ಅರ್ಧ ಪಾಲು ಸಿಇಟಿ ಅಂಕದ್ದು, ಇನ್ನರ್ಧ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಪಿಯುಸಿ ಅಂಕದ್ದು. ಜೆಇಇ ಭರದಲ್ಲಿ ಬೋರ್ಡನ್ನು ಮರೆತವರು ಇಲ್ಲಿ ನೂರಾರು ರ‍್ಯಾಂಕ್ ಹಿಂದೆ ಬೀಳುತ್ತಾರೆ.

ಇನ್ನೊಂದು ವಿಷಯ, ಪ್ರಥಮ ಪಿಯುಸಿಗೆ ಸೇರಿಸುವಾಗಲೇ ತಿಳಿದಿರಬೇಕಾದದ್ದು. ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಅರ್ಧದಷ್ಟು ಸೀಟು ಕರ್ನಾಟಕದ ಮಕ್ಕಳಿಗೆ. ಆದರೆ ಇಲ್ಲಿ ರಾಜ್ಯ ಎಂದರೆ ಹುಟ್ಟೂರಲ್ಲ, 12ನೇ ತರಗತಿ ಪಾಸಾದ ರಾಜ್ಯ. ಕೋಚಿಂಗ್‌ಗೆಂದು ರಾಜಸ್ಥಾನದ ಕೋಟಾಕ್ಕೋ ಹೈದರಾಬಾದಿಗೋ ಹೋಗಿ ಅಲ್ಲೇ 12 ಮುಗಿಸಿದ ಕನ್ನಡದ ಮಗುವನ್ನು ಎನ್‌ಐಟಿಕೆ ಹೊರರಾಜ್ಯದವರ ಸಾಲಿಗೆ ಸೇರಿಸುತ್ತದೆ.

3. ಹಳೆಯ ಕೊನೆಯ ರ‍್ಯಾಂಕ್ ಓದುವ ಬಗೆ

ಜೋಸಾ ವೆಬ್‌ಸೈಟಿನಲ್ಲಿ ಪ್ರತಿ ಸುತ್ತಿನಲ್ಲಿ ಆಯಾ ಸೀಟು ಪಡೆದ ಮೊದಲಿನವರ ಮತ್ತು ಕೊನೆಯವರ ರ‍್ಯಾಂಕ್ ಸಿಗುತ್ತದೆ. ನೋಡಬೇಕಾದದ್ದು ಕೊನೆಯ ಸುತ್ತನ್ನು, ಒಂದಲ್ಲ ಮೂರು ವರ್ಷದ್ದನ್ನು. ನಿಮ್ಮ ವರ್ಗದ ಸಾಲನ್ನೇ ನೋಡಿ. ಅಲ್ಲಿರುವುದು ವರ್ಗದೊಳಗಿನ ರ‍್ಯಾಂಕ್, ಸಾಮಾನ್ಯ ಪಟ್ಟಿಯದಲ್ಲ. ಹೆಣ್ಣುಮಕ್ಕಳಿಗೆ ಪ್ರತ್ಯೇಕ ಸೀಟುಗಳ ಸಾಲೂ ಇದೆ. ಕೆಸಿಇಟಿ ನಡೆಸಿ ಸೀಟು ಹಂಚುವ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಪಟ್ಟಿಯಲ್ಲಿ ಜಿಎಂ, ಜಿಎಂಆರ್, ಜಿಎಂಕೆ ಎಂದಿರುತ್ತದೆ. ಜಿಎಂ ಎಂದರೆ ಸಾಮಾನ್ಯ ವರ್ಗ, ಆರ್ ಎಂದರೆ ಗ್ರಾಮೀಣ, ಕೆ ಎಂದರೆ ಕನ್ನಡ ಮಾಧ್ಯಮ. ಒಂದರಿಂದ ಹತ್ತರವರೆಗೆ ಹಳ್ಳಿಯ ಶಾಲೆಯಲ್ಲಿ ಅಥವಾ ಕನ್ನಡದಲ್ಲಿ ಓದಿದ ಮಗುವಿಗೆ ಆ ಸಾಲು ಬಹಳ ದೊಡ್ಡ ವ್ಯತ್ಯಾಸ ಮಾಡುತ್ತದೆ. ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371ಜೆ ವಿಧಿಯಡಿ ಮೀಸಲಾದ ಸೀಟುಗಳ ಪಟ್ಟಿ ಬೇರೆಯೇ ಇದೆ.

ಇದನ್ನು ಆಧಾರವಾಗಿಟ್ಟು ಮೂರು ಗುಂಪು ಮಾಡಿ: ಎಟುಕಿದರೆ ಎಟುಕಬಹುದಾದವು, ಸಿಗುವ ಸಂಭವವಿರುವವು, ಖಂಡಿತ ಸಿಗುವವು. ಕಷ್ಟವಿರುವುದು ಮೂರನೆಯ ಗುಂಪಿನಲ್ಲೇ. ಯಾವುದೋ ಒಂದು ಕಾಲೇಜಿನ ಹೆಸರು ಗೀಚಿ ಬಿಟ್ಟಿರುತ್ತೇವೆ. ಆ ಮೂರನೆಯ ಗುಂಪಿನ ಕ್ಯಾಂಪಸ್ಸಿಗೂ ಮಗುವನ್ನು ಕರೆದುಕೊಂಡು ಹೋಗಿ, ಮೂರನೇ ವರ್ಷದ ಪಠ್ಯಕ್ರಮ ತೆಗೆದು ತೋರಿಸಿ. ‘ಇಲ್ಲಿ ಸಿಕ್ಕರೂ ಖುಷಿಯಿಂದ ಓದುತ್ತೇನೆ’ ಎಂದು ಮಗು ಹೇಳುವಂಥದ್ದೇ ಅಲ್ಲಿರಬೇಕು. ಬೆಂಗಳೂರಿನ ಕೆ.ಆರ್. ವೃತ್ತದ ಎಂಜಿನಿಯರಿಂಗ್ ಕಾಲೇಜು ಯುವಿಸಿಇಯನ್ನು 1917ರಲ್ಲಿ ಕಟ್ಟಿದವರು ವಿಶ್ವೇಶ್ವರಯ್ಯನವರು. ಸರ್ಕಾರಿ ಶುಲ್ಕದಲ್ಲಿ ಓದಬಹುದಾದ ಇಂಥ ಜಾಗವನ್ನು ಕಟ್ಟಡ ಹಳೆಯದೆಂದು ತಳ್ಳಿಹಾಕಬೇಡಿ.

4. ಹಣದ ಲೆಕ್ಕವನ್ನು ಮೊದಲೇ ಮುಗಿಸಿ

ಒಂದೇ ಕಾಲೇಜು, ಒಂದೇ ಬೆಂಚು. ಕೆಸಿಇಟಿಯಲ್ಲಿ ಬಂದವರ ಶುಲ್ಕಕ್ಕೂ ಕಾಮೆಡ್‌ಕೆಯಲ್ಲಿ ಬಂದವರ ಶುಲ್ಕಕ್ಕೂ ದೊಡ್ಡ ಅಂತರ. ಸಾಲ ಮಾಡಿ ಆ ಅಂತರ ತುಂಬುವ ಮೊದಲು ಮಿಕ್ಕ ದಾರಿಗಳನ್ನು ನೋಡಿ. ಐಐಟಿಗಳಲ್ಲಿ ಕುಟುಂಬದ ಆದಾಯ ವರ್ಷಕ್ಕೆ 1 ಲಕ್ಷದೊಳಗಿದ್ದರೆ ಬೋಧನಾ ಶುಲ್ಕ ಪೂರ್ತಿ ಮಾಫಿ, 1ರಿಂದ 5 ಲಕ್ಷದೊಳಗಿದ್ದರೆ ಮೂರರಲ್ಲಿ ಎರಡು ಭಾಗ ಮಾಫಿ. ಎಸ್‌ಸಿ, ಎಸ್‌ಟಿ ಮತ್ತು ಅಂಗವಿಕಲ ಮಕ್ಕಳಿಗೆ ಆದಾಯ ಎಷ್ಟಿದ್ದರೂ ಪೂರ್ತಿ ಮಾಫಿ. ಕೆಇಎಯಲ್ಲಿ ಆದಾಯ ಮಿತಿಯೊಳಗಿರುವವರಿಗೆ ಎಸ್‌ಎನ್‌ಕ್ಯೂ, ಅಂದರೆ ಬೋಧನಾ ಶುಲ್ಕ ಮಾಫಿಯಿರುವ ಹೆಚ್ಚುವರಿ ಸೀಟುಗಳಿವೆ, ಅರ್ಜಿ ತುಂಬುವಾಗಲೇ ಅದನ್ನು ಕೇಳಿರಬೇಕು.

5. ಆಪ್ಷನ್ ಎಂಟ್ರಿ: ಆಸೆಯ ಕ್ರಮದಲ್ಲೇ ಬರೆಯಿರಿ

ಆಪ್ಷನ್ ಎಂಟ್ರಿ ಎಂದರೆ ಬೇಕಾದ ಕಾಲೇಜು, ಬ್ರಾಂಚುಗಳನ್ನು ಒಂದರ ಕೆಳಗೊಂದು ಕ್ರಮವಾಗಿ ತುಂಬುವುದು. ಅತಿ ಹೆಚ್ಚು ಮಕ್ಕಳು ಎಡವುವುದು ಇಲ್ಲಿ. ‘ಮೊದಲನೇ ಆಪ್ಷನ್ ವೇಸ್ಟ್ ಮಾಡಬೇಡ, ಸಿಗೋದನ್ನೇ ಮೇಲೆ ಹಾಕು’ ಎಂಬ ಸಲಹೆ ಸೈಬರ್ ಸೆಂಟರಿನಲ್ಲೂ ಸಿಗುತ್ತದೆ, ಮದುವೆ ಮನೆಯಲ್ಲೂ ಸಿಗುತ್ತದೆ. ಅದು ತಪ್ಪು.

ಹಂಚಿಕೆ ನಡೆಯುವುದು ಹೀಗೆ: ಕಂಪ್ಯೂಟರ್ ರ‍್ಯಾಂಕಿನ ಕ್ರಮದಲ್ಲಿ ಒಬ್ಬೊಬ್ಬರನ್ನೇ ತೆಗೆದುಕೊಳ್ಳುತ್ತದೆ. ನಿಮ್ಮ ಸರದಿ ಬಂದಾಗ ನಿಮ್ಮ ಪಟ್ಟಿಯನ್ನು ಮೇಲಿಂದ ಓದುತ್ತದೆ. ಮೊದಲನೆಯದು ತುಂಬಿದ್ದರೆ ಎರಡನೆಯದು, ಅದೂ ತುಂಬಿದ್ದರೆ ಮೂರನೆಯದು. ಮೇಲೆ ಸಿಗದ ಕಾಲೇಜುಗಳನ್ನು ಹತ್ತು ಬರೆದಿದ್ದರೂ ಹನ್ನೊಂದನೆಯ ಸೀಟಿನ ಮೇಲಿನ ನಿಮ್ಮ ಹಕ್ಕು ಎಳ್ಳಷ್ಟೂ ಕಡಿಮೆಯಾಗುವುದಿಲ್ಲ, ಏಕೆಂದರೆ ಆ ಸೀಟು ಯಾರಿಗೆಂದು ನಿರ್ಧರಿಸುವುದು ರ‍್ಯಾಂಕೇ ಹೊರತು ಆಪ್ಷನ್ ಸಂಖ್ಯೆಯಲ್ಲ. ಆದರೆ ಸಿಗುವ ಕಾಲೇಜನ್ನು ಮೇಲೆ ಹಾಕಿದರೆ ಅದೇ ಸಿಗುತ್ತದೆ. ಅದರ ಕೆಳಗೆ ನೀವು ಬರೆದ, ನಿಮಗೆ ಹೆಚ್ಚು ಇಷ್ಟವಿದ್ದ ಸೀಟು ಖಾಲಿಯಿದ್ದರೂ ಕಂಪ್ಯೂಟರ್ ಅಲ್ಲಿಗೆ ಹೋಗುವುದೇ ಇಲ್ಲ.

ಹಾಗಾದರೆ ಹಳೆಯ ರ‍್ಯಾಂಕುಗಳು ಯಾಕೆ ಬೇಕು? ಪಟ್ಟಿ ಎಷ್ಟು ಕೆಳಗಿನವರೆಗೆ ಹೋಗಬೇಕೆಂದು ತಿಳಿಯಲಿಕ್ಕೆ. ಕ್ರಮ ನಿರ್ಧರಿಸುವುದು ಮಗುವಿನ ಇಷ್ಟ. ಕಾಲೇಜು ಮುಖ್ಯವೋ ಬ್ರಾಂಚ್ ಮುಖ್ಯವೋ ಎಂಬ ಪ್ರಶ್ನೆಗೂ ಎಲ್ಲರಿಗೂ ಒಪ್ಪುವ ಒಂದೇ ಉತ್ತರವಿಲ್ಲ. ಎರಡೆರಡು ಸೀಟುಗಳನ್ನು ಎದುರುಬದುರು ಇಟ್ಟು ‘ಇವೆರಡೂ ಸಿಕ್ಕರೆ ಯಾವುದಕ್ಕೆ ಹೋಗುತ್ತೀಯ?’ ಎಂದು ಕೇಳುತ್ತಾ ಹೋಗಿ, ಪಟ್ಟಿ ತಾನಾಗಿ ಸಿದ್ಧವಾಗುತ್ತದೆ. ಎಂದಿಗೂ ಸೇರಲಾರೆ ಎನ್ನುವ ಸೀಟನ್ನು ಪಟ್ಟಿಯಲ್ಲೇ ಇಡಬೇಡಿ. ನಿಜವಾದ ಹಂಚಿಕೆಗೆ ಮೊದಲು ತೋರಿಸುವ ಅಣಕು ಹಂಚಿಕೆಯ ಫಲಿತಾಂಶ ನೋಡಿ ಹೆದರಿ ಕ್ರಮ ಬದಲಿಸುವುದೂ ಬೇಡ. ಕೆಳಗೆ ಇನ್ನಷ್ಟು ಆಪ್ಷನ್ ಸೇರಿಸಿದರೆ ಸಾಕು.

6. ಸೀಟು ಸಿಕ್ಕ ಮೇಲೆ

ಕೆಇಎಯಲ್ಲಿ ಚಾಯ್ಸ್ 1 ಎಂದರೆ ಒಪ್ಪಿ ಸೇರುವುದು. ಚಾಯ್ಸ್ 2 ಎಂದರೆ ಈ ಸೀಟು ಇಟ್ಟುಕೊಂಡು ಮೇಲಿನದಕ್ಕೆ ಕಾಯುವುದು. 3 ಎಂದರೆ ಈ ಸೀಟು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು, 4 ಎಂದರೆ ಪೂರ್ತಿ ಹೊರಬರುವುದು. ಜೋಸಾದಲ್ಲಿ ಫ್ರೀಜ್, ಫ್ಲೋಟ್, ಸ್ಲೈಡ್ ಎನ್ನುತ್ತಾರೆ. ಫ್ರೀಜ್ ಎಂದರೆ ಈ ಸೀಟೇ ಸಾಕು ಎನ್ನುವುದು, ಫ್ಲೋಟ್ ಎಂದರೆ ಇದನ್ನಿಟ್ಟುಕೊಂಡು ಮೇಲಿನ ಯಾವುದಕ್ಕಾದರೂ ಕಾಯುವುದು. ಸ್ಲೈಡ್‌ನಲ್ಲಿ ಅದೇ ಸಂಸ್ಥೆಯೊಳಗೆ ಬ್ರಾಂಚ್ ಮಾತ್ರ ಬದಲಾಗುತ್ತದೆ. ಚಾಯ್ಸ್ 2 ಅಥವಾ ಫ್ಲೋಟ್ ಒತ್ತಿದವರಿಗೆ ಮೇಲಿನ ಸೀಟು ಬಂದರೆ ಹಳೆಯದು ಹೋಗಿಯೇಬಿಡುತ್ತದೆ, ಮರಳಿ ಕೇಳುವಂತಿಲ್ಲ.

ಪ್ರಮಾಣಪತ್ರಗಳ ಕೆಲಸ ಏಪ್ರಿಲ್ ತಿಂಗಳಲ್ಲೇ ಆಗಬೇಕು. ನಮ್ಮ ರಾಜ್ಯದ ಹಿಂದುಳಿದ ವರ್ಗಗಳ 2ಎ, 3ಎ, 3ಬಿ ಪ್ರಮಾಣಪತ್ರ ಕೆಇಎಗೆ ನಡೆಯುತ್ತದೆ, ಜೋಸಾಗೆ ನಡೆಯುವುದಿಲ್ಲ. ಅಲ್ಲಿ ಕೇಂದ್ರದ ನಮೂನೆಯ ಒಬಿಸಿ ಪ್ರಮಾಣಪತ್ರ ಬೇಕು, ಅದೂ ಆ ವರ್ಷದ ಏಪ್ರಿಲ್ 1ರ ನಂತರ ಕೊಟ್ಟಿದ್ದಾಗಿರಬೇಕು. ನಿಮ್ಮ ಜಾತಿ ಕೇಂದ್ರದ ಪಟ್ಟಿಯಲ್ಲಿದೆಯೇ ಎಂದು ಮೊದಲು ನೋಡಿಕೊಳ್ಳಿ, ರಾಜ್ಯದ ಪಟ್ಟಿಯಲ್ಲಿರುವುದೆಲ್ಲ ಅಲ್ಲಿರುವುದಿಲ್ಲ. ಲಾಗಿನ್‌ಗೆ ಮನೆಯವರದೇ ಮೊಬೈಲ್ ನಂಬರ್ ಕೊಡಿ, ಸೈಬರ್ ಸೆಂಟರಿನವರದ್ದಲ್ಲ. ಆಪ್ಷನ್ ಪಟ್ಟಿಯ ಪ್ರಿಂಟ್ ತೆಗೆದಿಟ್ಟು, ಕೊನೆಯ ಗಂಟೆಗೆ ಮುನ್ನ ಮಗುವೇ ಅದನ್ನು ಒಮ್ಮೆ ಮೇಲಿಂದ ಕೆಳಗೆ ಗಟ್ಟಿಯಾಗಿ ಓದಲಿ.