ಅರ್ಧ ಲೀಟರ್ ನೀರು

"ಎಲ್ಲಾ ಕರ್ತನಿಗೆ ಒಪ್ಪಿಸಿಬಿಡವಾ." 2021ರಲ್ಲಿ ನಮ್ಮ ಯಜಮಾನರ ಎರಡೂ ಕಿಡ್ನಿ ಕೈಕೊಟ್ಟಾಗ ಮನೆಗೆ ಬಂದವರೆಲ್ಲ ಹೇಳಿದ್ದು ಇದೇ ಮಾತು. ಬರುವಾಗ ಎಳನೀರು, ಬಾಳೆಹಣ್ಣು ತರುತ್ತಿದ್ದರು. ಡಯಾಲಿಸಿಸ್, ಅಂದರೆ ಮಷೀನಿನಿಂದ ರಕ್ತ ಶುದ್ಧ ಮಾಡಿಸಿಕೊಳ್ಳುವವರಿಗೆ ಎರಡೂ ಬೇಡ. ಎರಡರಲ್ಲೂ ಪೊಟ್ಯಾಸಿಯಂ ಜಾಸ್ತಿ, ಅದು ಮೈಯಲ್ಲಿ ಏರಿದರೆ ಹೃದಯಕ್ಕೇ ಅಪಾಯ. ಹಣ್ಣನ್ನು ಪಕ್ಕದ ಮನೆ ಮಕ್ಕಳಿಗೆ ಕೊಟ್ಟುಬಿಡುತ್ತಿದ್ದೆ. ಆ ಮಾತನ್ನು ಏನು ಮಾಡಬೇಕೋ ತಿಳಿಯುತ್ತಿರಲಿಲ್ಲ.

ನಾನು ಧಾರವಾಡದವಳು. ಹುಟ್ಟಿದಾಗಿನಿಂದ ಚರ್ಚಿನ ಸಭೆಯಲ್ಲೇ ಬೆಳೆದವಳು. ಒಪ್ಪಿಸುವುದು ಅಂದರೆ ಅಳಬಾರದು, ಕೇಳಬಾರದು, 'ದೇವರ ಚಿತ್ತ' ಅಂತ ಸುಮ್ನೆ ಇದ್ದುಬಿಡಬೇಕು ಅಂದುಕೊಂಡಿದ್ದೆ. ಭಾನುವಾರ ಹಾಗೇ ನಗುತ್ತಾ ಕೂರುತ್ತಿದ್ದೆ. ರಾತ್ರಿ ಹೊಲಿಗೆ ಮಷೀನಿನ ಮುಂದೆ ಕೂತು, ಬ್ಲೌಸಿನ ಲೆಕ್ಕದಲ್ಲಿ ಆಸ್ಪತ್ರೆ ಬಿಲ್ಲು ಕೂಡಿಸುತ್ತಿದ್ದೆ. ಎಷ್ಟು ಹೊಲಿದರೂ ತಾಳೆ ಬೀಳುತ್ತಿರಲಿಲ್ಲ. ಬಿಪಿಎಲ್ ಕಾರ್ಡಿನವರಿಗೆ ಜಿಲ್ಲಾ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಉಚಿತ ಅನ್ನುವ ಕೇಂದ್ರ ಸರ್ಕಾರದ ಯೋಜನೆ 2016ರಿಂದಲೇ ಇದೆ. ಅದು ನನಗೆ ಗೊತ್ತಾದದ್ದು ನಾಲ್ಕು ತಿಂಗಳ ಮೇಲೆ. ಯಾರನ್ನೂ ಕೇಳಬಾರದು ಅಂತ ಕೂತಿದ್ದೆನಲ್ಲ, ಗೊತ್ತಾಗುವುದಾದರೂ ಹೇಗೆ?

ಅದೇ ದಿನಗಳಲ್ಲಿ ಬೇರೆ ಊರಿನಿಂದ ಒಬ್ಬರು ಪ್ರಾರ್ಥನೆ ಮಾಡಲಿಕ್ಕೆ ಬಂದಿದ್ದರು. ಕೈಯಿಟ್ಟು ಪ್ರಾರ್ಥಿಸಿದರು. ಹೋಗುವಾಗ, "ವಿಶ್ವಾಸ ಇದ್ದವರಿಗೆ ಮಷೀನು ಯಾಕೆ?" ಅಂದರು. ನಾವು ಮಂಗಳವಾರದ ಡಯಾಲಿಸಿಸ್ ಸರದಿ ತಪ್ಪಿಸಿದೆವು. ಗುರುವಾರ ನಸುಕಿನಲ್ಲಿ ಇವರಿಗೆ ಮಲಗಲಿಕ್ಕೂ ಆಗದಷ್ಟು ಉಸಿರು ಕಟ್ಟಿತು. 108ಕ್ಕೆ ಫೋನ್ ಮಾಡಿದೆ. ಶ್ವಾಸಕೋಶದಲ್ಲಿ ನೀರು ತುಂಬಿತ್ತು. ಹೇಗೋ ಉಳಿದರು. ಆ ಮನುಷ್ಯರ ಮೇಲೆ ಇವತ್ತಿಗೂ ನನಗೆ ಸಿಟ್ಟಿದೆ, ಅದನ್ನೂ ದೇವರ ಮುಂದೆ ಹೇಳಿದ್ದೇನೆ. ಅವರ ಮಾತು ಕೇಳಿದ್ದು ನಾನೇ ಅಲ್ವಾ ಅನ್ನುವುದು ಇನ್ನೂ ಜಾಸ್ತಿ ಚುಚ್ಚುತ್ತದೆ.

ಡಯಾಲಿಸಿಸ್ ನಾಲ್ಕು ತಾಸು ನಡೆಯುತ್ತದೆ. ಹೊರಗೆ ಬೆಂಚಿನ ಮೇಲೆ ಕೂತು ಬೈಬಲಿನ ಕೀರ್ತನೆಗಳನ್ನು ಓದತೊಡಗಿದೆ. ದೇವರು ಕುರುಬನಂತೆ ಕಾಯುತ್ತಾನೆ ಅನ್ನುವ 23ನೆಯದು ಬಾಯಿಪಾಠ ಇತ್ತು, ಅದೇಕೋ ಹಿಡಿಸಲಿಲ್ಲ. 13ನೆಯದರಲ್ಲಿ ದಾವೀದ 'ಎಷ್ಟರವರೆಗೆ' ಅಂತ ಮತ್ತೆ ಮತ್ತೆ ಕೇಳುತ್ತಾನೆ. 88ನೆಯದು ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಗೊಂದು ಸಮಾಧಾನದ ಸಾಲೂ ಇಲ್ಲ. ಇಷ್ಟು ವರ್ಷ ಸಭೆಯಲ್ಲಿದ್ದೂ ಅದನ್ನು ಗಮನಿಸಿರಲಿಲ್ಲ. ಇಂಥ ಪ್ರಾರ್ಥನೆಯೂ ಬೈಬಲಿನೊಳಗಿದೆ ಅಂದಮೇಲೆ ನನ್ನ ಗೋಳಿಗೂ ಜಾಗ ಇದ್ದೀತು ಅನ್ನಿಸಿತು. ಶಿಲುಬೆಗೆ ಹಾಕುವ ಹಿಂದಿನ ರಾತ್ರಿ ಯೇಸು ಪ್ರಾರ್ಥಿಸಿದ ಗೆತ್ಸೇಮನೆ ತೋಟದ ಭಾಗವನ್ನೂ ನಿಧಾನವಾಗಿ ಓದಿದೆ. ಯೇಸುಸ್ವಾಮಿ ಮೊದಲು ಈ ಸಂಕಟದ ಪಾತ್ರೆ ನನ್ನಿಂದ ತೊಲಗಲಿ ಅಂತ ಕೇಳುತ್ತಾನೆ, ನಿನ್ನ ಚಿತ್ತದಂತಾಗಲಿ ಅನ್ನುವುದು ಆಮೇಲೆ. ಒಂದೇ ಸಲ ಹೇಳಿ ಎದ್ದುಬಂದದ್ದೂ ಇಲ್ಲ. ಮೂರು ಸಲ ಹೋಗಿ ಅದೇ ಪ್ರಾರ್ಥನೆ. ಅವನಿಗೇ ಮೂರು ಸಲ ಬೇಕಾಯಿತು. ನನಗೆ ಮುನ್ನೂರು ಸಲವಾದರೂ ಬೇಡವೇ?

ಅಂದು ಬೆಂಚಿನ ಮೇಲೆ ಮೊದಲ ಸಲ ಜೋರಾಗಿ ಅತ್ತೆ. ಪಕ್ಕದಲ್ಲಿ ಕೂತಿದ್ದ ಅಜ್ಜಿ ಏನೂ ಕೇಳದೆ ಸೆರಗು ಕೊಟ್ಟಳು.

ಈಗ ನಾನು ಮಾಡುವುದು ಇಷ್ಟೇ. ಕಿಡ್ನಿ ನೀರು ಹೊರಹಾಕದ್ದರಿಂದ ಇವರಿಗೆ ದಿನಕ್ಕೆ ಎಲ್ಲಾ ಸೇರಿ ಒಂದು ಲೀಟರ್ ಅಂತ ಡಾಕ್ಟರು ಹೇಳಿದ್ದಾರೆ. ಚಹಾ, ಸಾರು ಕಳೆದರೆ ಕುಡಿಯುವ ನೀರಿಗೆ ಉಳಿಯುವುದು ಅರ್ಧ ಲೀಟರ್. ಬೆಳಿಗ್ಗೆ ಎದ್ದು ಮೊದಲು ಇವರ ಎಡಗೈಯ ಫಿಸ್ಟುಲಾ, ಅಂದರೆ ಡಯಾಲಿಸಿಸ್‌ಗೆಂದು ಆಪರೇಷನ್ ಮಾಡಿ ಜೋಡಿಸಿದ ರಕ್ತನಾಳದ ಮೇಲೆ ಬೆರಳಿಡುತ್ತೇನೆ. ರಕ್ತ ಹರಿಯುತ್ತಿದ್ದರೆ ಝುಂ ಅನ್ನುತ್ತದೆ. ಆಮೇಲೆ ಬಾಟಲಿಗೆ ಅರ್ಧ ಲೀಟರ್ ಅಳೆದು ತುಂಬುತ್ತೇನೆ. ತುಂಬುವಷ್ಟು ಹೊತ್ತೇ ನನ್ನ ಪ್ರಾರ್ಥನೆ, ಅದೂ ಇವತ್ತಿನದು ಮಾತ್ರ. ಬೈಬಲಿನಲ್ಲಿ ದೇವರು ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ಅಂದಂದಿನ ಆಹಾರವಾಗಿ ಮನ್ನ ಕೊಡುತ್ತಾನೆ; ಅವರು ನಾಳೆಗೆಂದು ಎತ್ತಿಟ್ಟ ಮನ್ನಕ್ಕೆ ಹುಳು ಬಿದ್ದಿತಂತೆ. ಮಗಳ ಫೀಸು, ಮುಂದಿನ ವರ್ಷ, ನಾನೊಬ್ಬಳೇ ಉಳಿದರೆ ಏನು ಗತಿ ಅನ್ನುವುದು, ಇವೆಲ್ಲ ನನ್ನ ತಲೆಯೊಳಗೆ ಹುಳು ಬಿದ್ದ ಮನ್ನವೇ. ಫೀಸಿಗೆ ದುಡ್ಡು ಕೂಡಿಡುವುದನ್ನು ಬಿಟ್ಟಿಲ್ಲ. ರಾತ್ರಿ ಎರಡಕ್ಕೆ ಎದ್ದು ಎಣಿಸುವುದನ್ನು ಬಿಟ್ಟಿದ್ದೇನೆ. ಕೆಲವು ದಿನ ಅದೂ ಆಗುವುದಿಲ್ಲ.

ಇವರು ಗುಣವಾಗಿಲ್ಲ. ನನ್ನದೊಂದು ಕಿಡ್ನಿ ಇವರಿಗೆ ಕೊಡೋಣ ಅಂದರೆ, ನನಗೆ ಸಕ್ಕರೆ ಕಾಯಿಲೆ ಇರುವುದರಿಂದ ಬೇಡ ಅಂದರು ಡಾಕ್ಟರು. ಸಭೆಯಲ್ಲಿ ಸಾಕ್ಷಿ ಹೇಳು, ಅಂದರೆ ದೇವರು ನಿನಗೆ ಮಾಡಿದ್ದನ್ನು ಎಲ್ಲರ ಮುಂದೆ ಹೇಳು, ಅಂತ ಕರೆದಾಗ ಇಷ್ಟನ್ನೇ ಹೇಳಿದೆ. ಚಪ್ಪಾಳೆ ಬೀಳಲಿಲ್ಲ. ಕೂಟ ಮುಗಿದ ಮೇಲೆ ಇಬ್ಬರು ಹೆಂಗಸರು ಬಂದು ಕೈ ಹಿಡಿದುಕೊಂಡು ಬಹಳ ಹೊತ್ತು ನಿಂತರು.

ಮೊನ್ನೆ ಬಿಸಿಲು ಜೋರಿತ್ತು. ಮಧ್ಯಾಹ್ನಕ್ಕೇ ಬಾಟಲಿ ಖಾಲಿ. "ನಾಳಿನದರಾಗ ಎರಡು ಗುಟುಕು ಸಾಲ ಕೊಡ" ಅಂದರು ಇವರು. ಕೊಡಲಿಲ್ಲ. ಫ್ರಿಜ್ಜಿನಿಂದ ಸಣ್ಣದೊಂದು ಐಸ್ ತುಂಡು ತೆಗೆದು ಬಾಯಿಗೆ ಹಾಕಿದೆ. ಚೀಪುತ್ತಾ ನಕ್ಕರು. ಅದನ್ನೂ ಲೆಕ್ಕದಲ್ಲಿ ಬರೆದುಕೊಂಡೆ.